ಬ್ರೋಕರನ ನೀಲಿ ಬಕೆಟ್ಟು

ಅವನನ್ನು ಎಲ್ಲರೂ ಬಕೆಟ್ ಬ್ರೋಕರ್ ಎಂದೇ ಕರೆಯುತ್ತಿದ್ದರು. ಯಾರಿಗೋ ಬಕೆಟ್ ಹಿಡಿಯುವ ಆಸಾಮಿ ಇರಬೇಕೆಂದು ಹೊಸಬರು ಮೂಗು ಮುರಿಯುತ್ತಿದ್ದರು. ಪಾಪ, ಆ ವಿದ್ಯೆ ಬಂದಿದ್ದರೆ ಇಷ್ಟು ಹೊತ್ತಿಗೆ ತಾನೇ ನಾಲ್ಕು ಮನೆ ಮಾಡಿಕೊಂಡಿರುತ್ತಿದ್ದ. ಅವನದು ನಿಜವಾದ ಬಕೆಟ್ಟು, ನೀಲಿಯದು, ಸ್ಕೂಟರಿನ ಮುಂದೆ ನೇತಾಡುತ್ತಿತ್ತು. ಹೊಸ ಮನೆ ತೋರಿಸಲು ಹೋದರೆ ಮೊದಲು ಬಚ್ಚಲಿಗೆ ನುಗ್ಗಿ ಒಂದು ಬಕೆಟ್ ನೀರು ಸುರಿಯುತ್ತಿದ್ದ. ಅದು ಸರಿಯಾಗಿ ತೂತಿಗೆ ಇಳಿದರೆ ಮಾತ್ರ ಮುಂದಿನ ಮಾತು.

ಈ ಹುಚ್ಚು ಹಿಡಿದದ್ದು ಹತ್ತು ವರ್ಷದ ಹಿಂದೆ. ಅಕ್ಕನಿಗೆ ಅವನೇ ಮನೆ ಕೊಡಿಸಿದ್ದ. ಕಟ್ಟಿದವನು ಸ್ನೇಹಿತ, ಮನೆ ಹೊಚ್ಚಹೊಸದು, ನೋಡುವುದೇನಿದೆ ಎಂದು ಗೋಡೆಯ ಬಣ್ಣ ಹೊಗಳಿ ಕೀ ಕೊಡಿಸಿಬಿಟ್ಟ. ಬಚ್ಚಲಿನ ನೀರು ಬಾಗಿಲ ಬಳಿಯೇ ನಿಲ್ಲುತ್ತಿತ್ತು. ಎರಡನೇ ತಿಂಗಳಲ್ಲಿ ಭಾವ ಜಾರಿಬಿದ್ದು ಸೊಂಟ ಮುರಿದುಕೊಂಡರು.

ಅಕ್ಕ ಒಂದು ಮಾತೂ ಬೈಯಲಿಲ್ಲ. ಬೈದಿದ್ದರೆ ಎಷ್ಟೋ ವಾಸಿಯಿತ್ತು. ಊಟಕ್ಕೆ ಕರೆಯುತ್ತಿದ್ದಳು, ಒತ್ತಾಯ ಮಾಡಿ ಬಡಿಸುತ್ತಿದ್ದಳು. ಆದರೆ ನಲ್ಲಿ ಕೆಟ್ಟರೂ ಪಕ್ಕದ ಮನೆಯವರನ್ನು ಕೇಳುತ್ತಿದ್ದಳೇ ಹೊರತು ತಮ್ಮನನ್ನಲ್ಲ. ಅವಳ ಮನೆಯಿಂದ ಹೊರಬಂದಾಗಲೆಲ್ಲ ಅವನಿಗೆ ಅಳು ಬರುವಂತಾಗುತ್ತಿತ್ತು.

ಈಗ ಭಾವನಿಗೆ ಆ ಮನೆಯ ಮೆಟ್ಟಿಲು ಹತ್ತಲಾಗುತ್ತಿರಲಿಲ್ಲ. ಅಕ್ಕ ನೆಲಮಹಡಿಯ ಹೊಸ ಮನೆಯೊಂದನ್ನು ನೋಡಿದ್ದಳು. "ಹೊಸ ಮನೆಗೆ ಬ್ರೋಕರ್ ಯಾಕಮ್ಮ? ನಾವಿಲ್ವಾ?" ಎಂದಿದ್ದನಂತೆ ಬಿಲ್ಡರ್. "ನೀವು ಮಾರೋರು. ನಮ್ಮ ಕಡೆಗೂ ಒಬ್ಬರು ಬೇಡ್ವೇನ್ರೀ?" ಎಂದವರು ಭಾವ. ಅಕ್ಕ ಫೋನಿನಲ್ಲಿ ಹೇಳಿದ್ದು ಇಷ್ಟೇ: "ನಿಮ್ಮ ಭಾವ ಬರೋಕೆ ಹೇಳ್ತಿದಾರೆ." ನಾನು ಹೇಳುತ್ತಿದ್ದೇನೆ ಎನ್ನಲಿಲ್ಲ.

ಹೊಸ ಮನೆಯ ಬಾಗಿಲಲ್ಲೇ ಬಕೆಟ್ಟು ನೋಡಿದ ಬಿಲ್ಡರ್ ಅವನನ್ನು ಮೆಟ್ಟಿಲ ಕೆಳಗೆ ಕರೆದೊಯ್ದ.

"ಇನ್ನೂ ಮೂವತ್ತು ಮನೆ ಖಾಲಿ ಇದೆ ಕಣಯ್ಯಾ. ಎಲ್ಲಾ ನಿನ್ನ ಕೈಲೇ ಮಾರಿಸ್ತೀನಿ. ಇವತ್ತೊಂದಿನ ಅದನ್ನ ಹೊರಗಿಟ್ಟು ಬಾ."

ಮೂವತ್ತು! ಅವನಿಗೆ ಆಸೆಯಾಗಲಿಲ್ಲ ಎಂದರೆ ಸುಳ್ಳಾದೀತು. ವರ್ಷವಿಡೀ ಚಪ್ಪಲಿ ಸವೆಸಿದರೂ ಅವನು ಮಾರುತ್ತಿದ್ದದ್ದು ಐದೋ ಆರೋ. ಒಳಗಿನಿಂದ ಭಾವನ ಊರುಗೋಲಿನ ಸದ್ದು ಕೇಳಿಸಿತು. ಖಾಲಿ ಕೋಣೆಯಿಂದ ಕೋಣೆಗೆ ನಿಧಾನವಾಗಿ ನಡೆದು ಕಿಟಕಿಯ ಚಿಲಕಗಳನ್ನು ಒಂದೊಂದಾಗಿ ಹಾಕಿ ತೆಗೆದು ನೋಡುತ್ತಿದ್ದರು.

"ನಲ್ಲಿ ಎಲ್ಲಿದೆ?" ಎಂದು ಕೇಳಿದ ಬ್ರೋಕರ್.

ನೀರು ಸುರಿದ. ಅದು ತೂತಿನ ಕಡೆ ತಿರುಗಿಯೂ ನೋಡದೆ ನೇರ ಬಾಗಿಲಿಗೆ ಬಂದು, ಅಲ್ಲಿ ನಿಂತಿದ್ದ ಭಾವನ ಊರುಗೋಲಿನ ತುದಿ ತೋಯಿಸಿತು.

"ಕೀ ತಗೊಳ್ಳಿ, ಆಮೇಲೆ ಸರಿ ಮಾಡಿಸೋಣ" ಎಂದ ಬಿಲ್ಡರ್.

"ಮೊದಲು ನೆಲ ಕಿತ್ತು ಹೊಸದಾಗಿ ಹಾಕಿಸಿ. ನಾನು ಇನ್ನೊಂದು ಸಲ ನೀರು ಹಾಕಿ ನೋಡ್ತೀನಿ. ಆಮೇಲೇ ಸಹಿ."

"ಹಾಗಾದ್ರೆ ಆ ಮೂವತ್ತು ಮನೆ ಮರೆತುಬಿಡು. ಬಕೆಟ್ಟೇ ಇಟ್ಕೊಂಡಿರು!" ಬಿಲ್ಡರ್ ಸಿಡುಕಿ ಹೊರಗೆ ನಡೆದ.

ಭಾವನ ಹಿಂದೆಯೇ ನಿಂತಿದ್ದ ಅಕ್ಕನಿಗೆ ಎಲ್ಲ ಅರ್ಥವಾಯಿತು. ತಮ್ಮನ ಮುಖವನ್ನು ಒಂದು ಗಳಿಗೆ ನೋಡಿದಳು. ಅವನು ನೆಲ ನೋಡುತ್ತ ನಿಂತಿದ್ದ. ಅವಳು ಅವನ ಕೈಯಿಂದ ಬಕೆಟ್ಟು ತೆಗೆದುಕೊಂಡು ನಲ್ಲಿಯ ಕೆಳಗಿಟ್ಟಳು. ತುಂಬಿದ ಮೇಲೆ ಎರಡೂ ಕೈಯಲ್ಲಿ ಎತ್ತಿ ತಂದು ಅವನ ಮುಂದಿಟ್ಟಳು.

"ಬಟ್ಟೆ ಒಗೆಯೋ ಜಾಗ ಇನ್ನೂ ಬಾಕಿ ಇದೆ, ಬಾರೋ. ಅದನ್ನೂ ನೀನೇ ನೋಡಿ ಹೇಳು."