ಹುರುಳಿ ಹೊಲದ ನವಿಲು

ನಾನು ಹುಟ್ಟಿ ಬೆಳೆದದ್ದು ಶ್ರೀರಂಗಪಟ್ಟಣದಲ್ಲಿ. ಮನೆಯ ಹಿಂದೆಯೇ ಹೊಳೆ. ನೀರು ಕೆಂಪಾದರೆ ಮಳೆಗಾಲ, ಬಂಡೆಗಳು ಕಂಡರೆ ಬೇಸಿಗೆ. ದೇವಲಾಪುರದ ಕಡೆಯ ಹೈಸ್ಕೂಲಿಗೆ ಕನ್ನಡ ಪಾಠ ಮಾಡಲು ಬಂದ ಮೇಲೂ ಆ ಲೆಕ್ಕ ನನ್ನನ್ನು ಬಿಟ್ಟಿರಲಿಲ್ಲ. ಒಂಬತ್ತನೇ ತರಗತಿಗೆ ಹಾಯ್ಕು ಬರೆಯಲು ಹೇಳಿಕೊಟ್ಟ ದಿನ ನಾನು ಕೊಟ್ಟ ಉದಾಹರಣೆಯೂ ಹೊಳೆಯದ್ದೇ. ಮೂರು ಪುಟ್ಟ ಸಾಲು, ಅದರಲ್ಲೊಂದು ಕಾಲ, ಕಣ್ಣಾರೆ ಕಂಡ ಒಂದು ಸಂಗತಿ, ಅಷ್ಟೇ ಎಂದೆ. ಅಕ್ಷರ ಎಣಿಸುವ ಗೋಜಿಗೆ ಹೋಗಲಿಲ್ಲ.

ಮರುದಿನ ಬಂದ ಹಾಳೆಗಳ ತುಂಬ ಹೊಳೆಯೇ ಹರಿಯುತ್ತಿತ್ತು. ಮಳೆ ನೋಡಿ ರಾಗಿ ಬಿತ್ತುವವರ ಮಕ್ಕಳು ತಾವು ಕಾಣದ ಹೊಳೆಯನ್ನು ನನಗಾಗಿ ಬರೆದು ತಂದಿದ್ದರು. ಹಾಳೆಗಳನ್ನು ವಾಪಸು ಕೊಟ್ಟು, ನಿಮ್ಮ ಹೊಲದಲ್ಲಿ ಕಂಡದ್ದನ್ನು ಬರೆಯಿರಿ ಎಂದೆ.

ತರಗತಿಯಲ್ಲಿ ಜಗಳಗಂಟಿ ಎಂದು ಹೆಸರಾಗಿದ್ದ ಹುಡುಗಿಯೊಬ್ಬಳು ಬರೆದದ್ದು ಇದು:

ಹುರುಳಿ ಹೊಲ
ನವಿಲು ಕತ್ತೆತ್ತಿತು
ಅಪ್ಪ ಕಲ್ಲೆತ್ತಿದ

ಎಲ್ಲರ ಹಾಯ್ಕುಗಳ ಜೊತೆ ಅದನ್ನೂ ಶಾಲೆಯ ಭಿತ್ತಿಪತ್ರಿಕೆಗೆ ಅಂಟಿಸಿದೆ. ತಾಲೂಕು ಸ್ಪರ್ಧೆಗೆ ನಾಗಮಂಗಲಕ್ಕೆ ಇದನ್ನೇ ಕಳಿಸುತ್ತೇನೆಂದೂ ತರಗತಿಯಲ್ಲಿ ಹೇಳಿದೆ.

ಆ ವಾರವೇ ಅವಳ ಅಪ್ಪ ಬಂದರು. ಯಾರೋ ಓದಿ ಹೇಳಿದ್ದರಂತೆ. ಸ್ಟಾಫ್ ರೂಮಿನ ಬಾಗಿಲಲ್ಲೇ ನಿಂತು, "ಮೇಡಂ, ನವಿಲ್ಗೆ ಕಲ್ಲೊಡುದ್ರೆ ಕೇಸಾಯ್ತದೆ. ನೀವು ಅದ್ನ ಗ್ವಾಡೆ ಮ್ಯಾಲೆ ಬರ್ದು ಆಕಿದ್ದೀರಿ. ಫಾರೆಸ್ಟ್‌ನೋರು ಬಂದ್ರೆ ಯಾರು ಉತ್ತರ ಕೊಡೋರು?" ಎಂದರು. ಅವರ ಭಯ ಸುಳ್ಳೇನಾಗಿರಲಿಲ್ಲ. ಹುಡುಗಿಯನ್ನು ಕರೆಸಿದೆ.

"ಎತ್ತಿದ ಅಂತ ಬರ್ದಿವ್ನಿ. ಒಡ್ದ ಅಂತ ಎಲ್ಲಿ ಬರ್ದಿವ್ನಿ?" ಎಂದಳು ಅವಳು.

"ಓದ್ದೋರ್ಗೆ ಅಂಗೇ ಅನ್ಸದು ಕಣವ್ವ."

ನೀವು ಹೊಡೆದಿರಾ ಎಂದು ನಾನು ಕೇಳಿದೆ.

"ಒಡಿಯಕ್ಕೇ ಎತ್ತಿದ್ದು ಮೇಡಂ. ಬಿತ್ತಿದ್ದೆಲ್ಲ ಕೆದ್ಕಿ ತಿಂದಾಕಿದ್ವು. ಅದು ಓಡೋಗ್ದೆ ನನ್ನೇ ನೋಡ್ಕಂಡು ನಿಂತ್ಕತ್ತು. ಕೈ ಬರ್ಲಿಲ್ಲ. ಬುಟ್ಬುಟ್ಟೆ."

"ಅದ್ಕೇ ಅಲ್ಲಿಗೇ ನಿಲ್ಸಿವ್ನಿ," ಎಂದಳು ಮಗಳು.

"ಅಂಗಾದ್ರೆ ಕಲ್ಲು ಕೆಳಕ್ಕಾಕ್ದ ಅಂತ್ಲೂ ಬರಿ."

"ಮೂರೇ ಸಾಲು ಕಣಪ್ಪ."

'ಅಪ್ಪ' ಎಂಬಲ್ಲಿ 'ಒಬ್ಬ' ಎಂದು ಹಾಕಿದರೆ ಹೇಗೆ ಎಂದು ನಾನು ನಡುವೆ ಬಂದೆ. ಒಬ್ಬನನ್ನು ತಾನು ನೋಡಿಲ್ಲ, ಅಪ್ಪನನ್ನು ನೋಡಿದ್ದು ಎಂದಳು. ನಾನೇ ಕಲಿಸಿದ ನಿಯಮ. ಅಪ್ಪನಿಗೆ ನಗು ಬಂತು. ಭಿತ್ತಿಪತ್ರಿಕೆಯ ಮುಂದೆ ಹೋಗಿ ನಿಧಾನವಾಗಿ ಓದಿಕೊಂಡು ಬಂದು, "ಇಲ್ಲಿದ್ರೆ ಇರ್ಲಿ ಬುಡಿ. ನಾಗಮಂಗಲಕ್ಕೆ ಮಾತ್ರ ಕಳುಸ್ಬ್ಯಾಡಿ," ಎಂದರು. ಆಗಲಿ ಎಂದೆ. ಮಗಳು ಮುಖ ಊದಿಸಿಕೊಂಡು ತರಗತಿಗೆ ಹೋದಳು.

ಮಾಗಿಯಲ್ಲಿ ಸ್ಪರ್ಧೆ ನಡೆಯಿತು. ನಾನು ಮಾತು ಉಳಿಸಿಕೊಂಡೆ. ಅವಳು ಬೇರೆಯದನ್ನು ಬರೆದಳು:

ಮಾಗಿ ಚಳಿ
ಅವ್ವ ತಲೆ ಬಾಚಿದಳು
ಬೆರಳೆಲ್ಲ ಅವರೆ ಸೊಗಡು

ಚೆನ್ನಾಗಿತ್ತು, ಆದರೆ ನವಿಲಿನಷ್ಟಿಲ್ಲ ಎಂದು ನನಗೂ ಗೊತ್ತಿತ್ತು. ಬಹುಮಾನ ಬರಲಿಲ್ಲ. ವಾಪಸು ಬರುವಾಗ ಬಸ್ಸಿನಲ್ಲಿ ಅವಳು, "ನವಿಲಿಂದು ಕಳ್ಸಿದ್ರೆ ಗೆಲ್ತಿದ್ದೆ ಅಲ್ವಾ ಮಿಸ್?" ಎಂದಳು. ಗೆಲ್ಲುತ್ತಿದ್ದೆ ಅನಿಸುತ್ತದೆ ಎಂದೆ. ಸಮಾಧಾನ ಮಾಡಲು ಹೋಗಲಿಲ್ಲ, ಅವಳೂ ಅದನ್ನು ಬಯಸಿದಂತೆ ಕಾಣಲಿಲ್ಲ.

ಸ್ಟಾಪಿನಲ್ಲಿ ಅವಳ ಅಪ್ಪ ಟಿವಿಎಸ್ ನಿಲ್ಲಿಸಿಕೊಂಡು ಕಾಯುತ್ತಿದ್ದರು. "ಏನಾಯ್ತವ್ವ?" ಎಂದು ಕೇಳಿದರು.

"ಸೋತೋದೆ. ನಿನ್ನಿಂದ್ಲೇ."

"ಸರಿ, ಕೂತ್ಕೊ."

ಅವಳು ಹಿಂದೆ ಕೂತಳು. ಗಾಡಿ ಮಣ್ಣುದಾರಿಗೆ ತಿರುಗುವವರೆಗೂ ಇಬ್ಬರೂ ಏನೋ ವಾದ ಮಾಡುತ್ತಲೇ ಇದ್ದರು. ನಾನು ನನ್ನ ಬಾಡಿಗೆ ಮನೆಯ ಕಡೆಗೆ ನಡೆದೆ.