ನೋಡದ ಅಭಿಮಾನಿ

ಜಪಾನಿನ ಶಿಮೊನೊಸೆಕಿ ಬಂದರಿನ ತೋಫು ಅಂಗಡಿಯ ಕುಸಾಕಾ ಯಜಮಾನರಂಥ ಬೇಸ್‌ಬಾಲ್ ಅಭಿಮಾನಿ ಇನ್ನೊಬ್ಬರು ಹುಟ್ಟಿರಲಾರರು. ಊರಿನ ತಂಡದ ತೊಕುನಾಗಾ ಎಂದರೆ ಅವರಿಗೆ ಪಂಚಪ್ರಾಣ. ಅಂಗಡಿಯ ಬೆಕ್ಕಿಗೂ ಅವನದೇ ಹೆಸರು. ಆದರೆ ಆ ತೊಕುನಾಗಾ ಬ್ಯಾಟು ಹಿಡಿದು ಬಂದನೆಂದರೆ ಯಜಮಾನರು ಸ್ಟೇಡಿಯಮ್ಮಿನಲ್ಲಿ ಕೂತಲ್ಲಿಂದ ಎದ್ದು ಶೌಚಾಲಯಕ್ಕೆ ಓಡುತ್ತಿದ್ದರು. ತಾವು ನೋಡಿದರೆ ಅವನು ಔಟಾಗುವುದು ಖಂಡಿತ ಎಂದು ಅವರ ನಂಬಿಕೆ. ಒಮ್ಮೆ ಫೈನಲ್‌ನಲ್ಲಿ ಮೈಮರೆತು ಕೂತೇ ಬಿಟ್ಟು, ಅವನು ಔಟಾಗಿ ತಂಡ ಸೋತಾಗ, ಮನೆಮನೆಗೆ ಹೋಗಿ ತಲೆಬಾಗಿ ಕ್ಷಮೆ ಕೇಳಿ ತೋಫು ಹಂಚಿ ಬಂದಿದ್ದರು. ಊರವರೇನು ಕಮ್ಮಿಯೇ? ತೋಫು ತಿಂದವರೇ ಮುಂದಿನ ಪಂದ್ಯದಿಂದ, "ಯಜಮಾನ್ರೇ, ಅವ್ನು ಬಂದ! ಇನ್ನೂ ಕೂತಿದ್ದೀರಲ್ರೀ, ಏಳಿ, ಏಳಿ!" ಎಂದು ಎಬ್ಬಿಸತೊಡಗಿದರು. ಹೀಗಾಗಿ ಚೆಂಡನ್ನು ಮೈದಾನದ ಗೋಡೆ ದಾಟಿಸಿದ ತೊಕುನಾಗಾನ ಹೋಮ್ ರನ್ನುಗಳೆಲ್ಲ ಅವರ ಪಾಲಿಗೆ ಶೌಚಾಲಯದ ಗೋಡೆಯಾಚೆಯ ಗದ್ದಲ ಮಾತ್ರ. ಟೀವಿಯಲ್ಲಿ ಹಳೆಯ ಆಟ ಬಂದರೂ ಮುಖ ತಿರುಗಿಸಿ ಹೆಂಡತಿ ಮಿನೇಗೆ ಹೇಳುತ್ತಿದ್ದರು: "ಅದು ಹಳೇದು ಅಂತ ನನ್ನ ಕೆಟ್ಟ ಕಣ್ಣಿಗೆ ಗೊತ್ತಾಗುತ್ತೇನೇ?" ಆಟ ಬಿಟ್ಟು ಎಷ್ಟೋ ವರ್ಷದ ಮೇಲೆ ತೊಕುನಾಗಾ ಮುಪ್ಪಿನಲ್ಲಿ, ನಿದ್ದೆಯಲ್ಲೇ ತೀರಿಕೊಂಡಾಗಲೂ ಅವರು ಮೊದಲು ಕೇಳಿದ್ದು, "ನಿನ್ನೆ ನಾನು ಅವನ ಫೋಟೋ ನೋಡಿಲ್ಲ ತಾನೇ?" ಎಂದು. ಸ್ಟೇಡಿಯಮ್ಮಿನಲ್ಲಿ ನಡೆದ ಸಂತಾಪ ಸಭೆಯಲ್ಲಿ ದೊಡ್ಡ ಪರದೆಯ ಮೇಲೆ ತೊಕುನಾಗಾ ಬ್ಯಾಟು ಎತ್ತಿದ. ಯಜಮಾನರು ಅಭ್ಯಾಸಬಲದಿಂದ ಎದ್ದರು. ಮಿನೇ ಅಂಗಿ ಹಿಡಿದೆಳೆದಳು. "ಕೂತ್ಕೊಳ್ರೀ. ಇನ್ಮೇಲೆ ಅವನನ್ನ ಯಾರ ಕಣ್ಣೂ ಏನೂ ಮಾಡಲ್ಲ." ಕೂತರು. ಚೆಂಡು ಹಾರಿತು, ತೇಲಿತು, ಗೋಡೆ ದಾಟಿತು. ಸುತ್ತಲೂ ಜನ ಕಣ್ಣೊರೆಸಿಕೊಳ್ಳುತ್ತಿದ್ದರೆ ಯಜಮಾನರು ಮಿನೇಯ ಕೈ ಅದುಮಿ ಹಿಡಿದು ಕೂಗಿದರು: "ದಾಟ್ತು ಕಣೇ! ನಾನು ನೋಡ್ತಾ ಇದ್ರೂ ದಾಟ್ತು!"