ಮಂತ್ರಿಗಳು ಹುಡುಕಿಕೊಟ್ಟ ಮಗ

ಪೇಟೆ ಮಸೀದಿಯ ಮೆಟ್ಟಿಲ ಬಳಿ ಚಪ್ಪಲಿ ಕಾಯುತ್ತಿದ್ದವನಿಗೆ ದಂಡನಾಯಕ ಎಂಬ ಬಿರುದು ಕೊಟ್ಟವನು ಎದುರಿನ ಸೈಕಲ್ ಅಂಗಡಿಯವನು. ಬಿರುದು ಸುಮ್ಮನೆ ಬಂದದ್ದಲ್ಲ. ಜನ ಪ್ರಾರ್ಥನೆಗೆ ಒಳಗೆ ಹೋದರೆಂದರೆ ಹೊರಗೆಲ್ಲ ಅವನದೇ ಸಾಮ್ರಾಜ್ಯ. ಪಾಲಿಶ್ ಮಾಡಿದ ಬೂಟುಗಳು ಮುಂಚೂಣಿಯಲ್ಲಿ, ರಬ್ಬರ್ ಚಪ್ಪಲಿಗಳು ಕಾಲಾಳುಗಳಾಗಿ ಹಿಂದೆ. ಸಾಲು ತಪ್ಪಿದವಕ್ಕೆ ಕೋಲಿನ ತುದಿಯಿಂದ ಶಿಕ್ಷೆ. ಇಂಥ ಮಹಾಶೂರನ ಸ್ವಂತ ಚಪ್ಪಲಿಯನ್ನೇ ಒಮ್ಮೆ ನಾಯಿ ಕಚ್ಚಿಕೊಂಡು ಹೋಗಿ, ಅವನು ಬರಿಗಾಲಲ್ಲಿ ಮನೆ ಸೇರಿದ್ದೂ ಉಂಟು.

ಆಮೇಲೆ ಸರ್ಕಾರಕ್ಕೆ ಆ ಪೇಟೆಯ ಗಂಡಸರ ಮೇಲೆ ಪ್ರೀತಿ ಉಕ್ಕಿತು. ಒಬ್ಬೊಬ್ಬರನ್ನೇ ಜೀಪಿನಲ್ಲಿ ಕರೆದೊಯ್ದು ತನ್ನ ಬಳಿಯೇ ಇಟ್ಟುಕೊಂಡಿತು. ಪಂಪು ರಿಪೇರಿ ಮಾಡುತ್ತಿದ್ದ ದಂಡನಾಯಕನ ಒಬ್ಬನೇ ಮಗನೂ ಹೋದ. ಠಾಣೆಯಲ್ಲಿ ಕೇಳಿದರೆ, "ನಮ್ಮ ಹತ್ರ ಬಂದೇ ಇಲ್ಲ. ಗಡಿ ದಾಟಿ ಓಡಿಹೋಗಿರ್ತಾನೆ" ಎಂದರು. ಮಸೀದಿಗೆ ಬೀಗ ಬಿತ್ತು.

ಅಷ್ಟರಲ್ಲಿ ಪಕ್ಕದ ದೇಶಕ್ಕೆ ನಮ್ಮ ವಿದ್ಯುತ್ ಬೇಕಾಯಿತು. ಅದು ಮುಸ್ಲಿಮರ ದೇಶ. ಗಡಿಯಾಚೆಯ ಸೋದರರ ಕ್ಷೇಮ ವಿಚಾರಿಸದೆ ಕೈ ಕುಲುಕಿದರೆ ಅಲ್ಲಿನ ಜನ ಬಿಡುತ್ತಾರೆಯೇ? ಅವರ ವಿದೇಶಾಂಗ ಮಂತ್ರಿ ಮಸೀದಿಯ ಮೆಟ್ಟಿಲ ಬಳಿ ಫೋಟೋ ತೆಗೆಸಿಕೊಳ್ಳುವುದೆಂದು ನಿಶ್ಚಯವಾಯಿತು. ಬೀಗ ತೆಗೆದು ಸುಣ್ಣ ಬಳಿದದ್ದಾಯಿತು. ಒಳಗೆ ಕೂರಿಸಲು ಹುಡುಕಿದರೆ ಪೇಟೆಯಲ್ಲಿ ಉಳಿದಿದ್ದ ಮುದುಕರಿಂದ ಒಂದು ಸಾಲೂ ತುಂಬಲಿಲ್ಲ. ಆಗ ಅತಿಥಿಗಳನ್ನು ನೋಡಿಕೊಳ್ಳುವ ಅಧಿಕಾರಿಗೆ ಅಮೋಘ ಉಪಾಯ ಹೊಳೆಯಿತು: ಜನ ಯಾಕೆ, ಚಪ್ಪಲಿ ಸಾಕು.

ಲಾರಿಯಲ್ಲಿ ಮೂಟೆಗಳು ಬಂದವು. ಅಧಿಕಾರಿ ದಂಡನಾಯಕನನ್ನು ಕರೆಸಿದ.

"ಯಜಮಾನ್ರೇ, ನೀಟಾಗಿ ಜೋಡಿಸಿ. ಒಳಗೆ ಕಾಲಿಡಕ್ಕೂ ಜಾಗ ಇಲ್ಲ ಅನ್ನಿಸ್ಬೇಕು."

"ಇಷ್ಟೊಂದು ಎಲ್ಲಿ ಸಿಕ್ತು ಸ್ವಾಮಿ?"

"ಜೈಲಿನ ಉಗ್ರಾಣದಲ್ಲಿ ಬಿದ್ದಿದ್ವು. ಹಾಕ್ಕೊಳ್ಳೋರಿಲ್ಲ."

ಸೇನಾನಿ ತನ್ನ ದಂಡನ್ನು ಪರಿಶೀಲಿಸಲು ಇಳಿದ. ಮುಖ ಮರೆತರೂ ಹಿಮ್ಮಡಿಯ ಸವೆತ ಮರೆಯುವವನಲ್ಲ. ಇದು ಸೈಕಲ್ ಅಂಗಡಿಯವನದು. ಇದು ದರ್ಜಿಯದು. ಕೊನೆಯ ಮೂಟೆಯ ತಳದಲ್ಲಿ, ತಾನೇ ಟೈರಿನ ತುಂಡು ಹೊಲಿದುಕೊಟ್ಟಿದ್ದ ಮಗನ ಚಪ್ಪಲಿ.

ಮಂತ್ರಿ ಬಂದು ಮೆಟ್ಟಿಲ ಬಳಿ ಮುಗುಳ್ನಕ್ಕ ಕೂಡಲೇ ದಂಡನಾಯಕ ತನ್ನ ಜೀವಮಾನದ ಏಕೈಕ ಯುದ್ಧ ಸಾರಿದ. ಆ ಚಪ್ಪಲಿಯನ್ನೆತ್ತಿ ಹಿಡಿದು, "ಸ್ವಾಮಿ, ಇದು ನನ್ನ ಮಗಂದು. ಅವನು ಒಳಗಿಲ್ಲ. ಎಲ್ಲಿಟ್ಟಿದೀರಿ ಅಂತ ಇವರನ್ನ ಕೇಳಿ" ಎಂದ.

ಅಧಿಕಾರಿ ಓಡಿಬಂದು ಕ್ಯಾಮೆರಾಗಳಿಗೆ ಅಡ್ಡ ನಿಂತ. ಮಂತ್ರಿಗಳು ರಾಜತಂತ್ರದಲ್ಲಿ ಪಳಗಿದವರು. ಮುದುಕನ ಹೆಗಲ ಮೇಲೆ ಕೈಯಿಟ್ಟು, ಮಗನ ಹೆಸರು ಕೇಳಿಕೊಂಡು, "ಖಂಡಿತ ವಿಚಾರಿಸ್ತೀನಿ" ಎಂದರು. ಮಾತಿಗೆ ತಪ್ಪಲಿಲ್ಲ. ಸಂಜೆ ವಿದ್ಯುತ್ ಒಪ್ಪಂದಕ್ಕೆ ಸಹಿ ಹಾಕಿ, ಊಟಕ್ಕೆ ಕೂತಾಗ ಈ ಚಿಲ್ಲರೆ ವಿಷಯವನ್ನೂ ಇತ್ಯರ್ಥ ಮಾಡಿಯೇ ಎದ್ದರು. ರೇಡಿಯೋ ಸಾರಿತು: ಮಸೀದಿಯ ವೃದ್ಧರ ಮಗ ನೆರೆದೇಶದಲ್ಲಿ ಒಳ್ಳೆಯ ಉದ್ಯೋಗದಲ್ಲಿದ್ದಾನೆ, ಉಭಯ ಸರ್ಕಾರಗಳೂ ಇದನ್ನು ಖಚಿತಪಡಿಸಿವೆ.

ಒಂದೇ ಸರ್ಕಾರ ಹೇಳಿದಾಗ ಅದು ಸುಳ್ಳಾಗಿತ್ತು, ಪಾಪ.

ದಂಡನಾಯಕ ಮನೆಗೆ ಬಂದಾಗ ಹೆಂಡತಿ, ಮಗ ಹೋದಂದಿನಿಂದ ಮೊದಲ ಬಾರಿಗೆ, ಹೊಟ್ಟೆ ತುಂಬ ಊಟ ಮಾಡಿ ಕೂತಿದ್ದಳು. ಅವನು ಬಾಯಿ ತೆರೆದ. ಅವಳು ಬಿಡಲಿಲ್ಲ.

"ಕೇಳಿದ್ರಾ ರೀ? ಬದುಕಿದಾನೆ ಅಂತ ನಾನು ಬಡ್ಕೊಳ್ತಿರ್ಲಿಲ್ವಾ? ಅಲ್ಲ, ಒಂದು ಫೋನ್ ಮಾಡಕ್ಕೆ ಏನು ರೋಗ ಅವನಿಗೆ?"

ದಂಡನಾಯಕ ಬಾಗಿಲ ಬಳಿಯೇ ನಿಂತಿದ್ದ.

"ಕೆಲಸ ಜಾಸ್ತಿ ಇರುತ್ತೆ ಬಿಡೇ" ಎಂದ. "ಅಲ್ಲೂ ಪಂಪುಗಳು ಕೆಡ್ತಾವಲ್ಲ."